ಮೂರು ಗೈರುಹಾಜರಿ

"ಇದು ನಾನಲ್ಲ," ಎಂದು ಕ್ಲೈವ್ ಹಾವರ್ತ್ ಕಾಗದವನ್ನು ಕೌಂಟರಿನ ಗಾಜಿನ ಕಂಡಿಯೊಳಗೆ ತೂರಿಸಿದ. "ಹೆಸರು ನನ್ನದೇ, ವಿಳಾಸವೂ ನನ್ನದೇ. ಆದ್ರೆ ಇದು ನಾನಲ್ಲ."

ರುಖ್ಸಾನಾ ಕಾಗದದ ಮೇಲೆ ಕಣ್ಣಾಡಿಸಿದಳು. ಓದುವ ಅಗತ್ಯವೇನೂ ಇರಲಿಲ್ಲ, ಟೈಪ್ ಮಾಡಿ ಕಳಿಸಿದವಳು ಅವಳೇ. ಮಾರ್ಚ್ ನಾಲ್ಕು, ಮಾರ್ಚ್ ಇಪ್ಪತ್ತೊಂದು, ಏಪ್ರಿಲ್ ಹದಿನೈದು. ಮೂರು ಸಲ ಡಾಕ್ಟರ್ ಹೋಲ್ಡನ್ ಅವರನ್ನು ಕಾಣಲು ಸಮಯ ಗೊತ್ತುಮಾಡಿಕೊಂಡು, ಮೂರು ಸಲವೂ ಹೇಳದೆ ಕೇಳದೆ ತಪ್ಪಿಸಿದ್ದೀರಿ. ಇನ್ನೊಮ್ಮೆ ಹೀಗಾದರೆ ನಿಮ್ಮ ಹೆಸರನ್ನು ನಮ್ಮ ಕ್ಲಿನಿಕ್ಕಿನ ಪಟ್ಟಿಯಿಂದ ತೆಗೆಯಬೇಕಾಗಬಹುದು.

"ಕಂಪ್ಯೂಟರಿನಲ್ಲಿ ಹಾಗೇ ಇದೆ, ಕ್ಲೈವ್."

"ಕಂಪ್ಯೂಟರಿಗೆ ಹೇಳಿಕೊಟ್ಟೋರು ಯಾರು?"

"ಫೋನ್ ಬಂದಿತ್ತು. ಹೆಸರು, ಹುಟ್ಟಿದ ತಾರೀಖು, ಪೋಸ್ಟ್‌ಕೋಡ್, ಮೂರೂ ಸರಿಯಾಗಿ ಹೇಳಿದ್ರು. ಮೂರೂ ಸರಿ ಇದ್ರೆ ನಾವು ಬರ್ಕೊಳ್ತೀವಿ."

"ಹೇಳಿದ್ರು ಅಂದ್ರೆ ಯಾರು? ಗಂಡಸೋ ಹೆಂಗಸೋ?"

ರುಖ್ಸಾನಾ ಕೀಬೋರ್ಡಿನ ಕಡೆ ನೋಡಿದಳು. "ಅದೆಲ್ಲ ಹೇಳೋ ಹಾಗಿಲ್ಲ."

"ನನ್ನ ವಿಷಯ ನನಗೇ ಹೇಳೋ ಹಾಗಿಲ್ವಾ?"

ಹಿಂದಿನ ಸಾಲಿನಲ್ಲಿ ಯಾರೋ ಬೇಕೆಂದೇ ಕೆಮ್ಮಿದರು. ಕೌಂಟರಿನ ಮೇಲೆ ಹೊಸ ಹಾಳೆಗಳ ಕಟ್ಟು ಇತ್ತು. ತಿಂಗಳಿಗೊಮ್ಮೆ ರೋಗಿಗಳಿಗಾಗಿ ಕ್ಲಿನಿಕ್ ಅಚ್ಚು ಹಾಕಿಸುವ ಸಮಾಚಾರದ ಹಾಳೆ ಅದು. ಮಂಗಳವಾರ ಮತ್ತು ಶುಕ್ರವಾರ ಹೊಸ ನರ್ಸ್ ಇರುತ್ತಾರೆ, ತಿಂಗಳ ಕೊನೆಯ ಸೋಮವಾರ ಬಾಗಿಲು ಮುಚ್ಚಿರುತ್ತದೆ, ಮಾತ್ರೆ ಮುಗಿಯುವ ಎರಡು ದಿನ ಮೊದಲೇ ತಿಳಿಸಿ, ಹೀಗೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ: ಏಪ್ರಿಲ್ ತಿಂಗಳಲ್ಲಿ ನೂರ ಹದಿನೆಂಟು ಮಂದಿ ಹೇಳದೆ ಗೈರುಹಾಜರಾದರು, ಅವರಿಂದಾಗಿ ನೂರ ಹದಿನೆಂಟು ಮಂದಿಗೆ ಡಾಕ್ಟರ್ ಸಿಗಲಿಲ್ಲ.

ಆ ವಾಕ್ಯದ ಎರಡನೆಯ ಭಾಗ ಕ್ಲೈವನದು. ರೋಗಿಗಳ ಸಮಿತಿಯ ಸಭೆಯಲ್ಲಿ ಮೇಜು ಕುಟ್ಟಿ ಹಾಕಿಸಿದ್ದ. "ನಾಚಿಕೆ ಆಗ್ಬೇಕು ಅವರಿಗೆ," ಎಂದಿದ್ದ. ಈಗ ನೂರ ಹದಿನೆಂಟರಲ್ಲಿ ಒಬ್ಬ ಅವನು. ಸಮಿತಿಯ ಉಳಿದ ಆರು ಜನಕ್ಕೆ ಈ ವಿಷಯ ತಿಳಿಯಲು ಎಷ್ಟು ಹೊತ್ತು ಬೇಕು? ಆಕರ್ಸ್‌ಲಿಯಂಥ ಸಣ್ಣ ಊರಿನಲ್ಲಿ, ಎರಡು ದಿನ. ಒಂದುವೇಳೆ ಅವರಲ್ಲೇ ಯಾರಾದರೂ ಮಾಡಿಸಿದ್ದರೆ, ಆಗಲೇ ತಿಳಿದಿದೆ.

"ನನ್ನ ದಾಖಲೆಯ ಪ್ರತಿ ಬೇಕು," ಎಂದ. "ಆ ಮೂರು ದಿನದ್ದು. ಏನಂತ ಬರ್ಕೊಂಡಿದ್ದೀರೋ ಅದು. ಅದನ್ನ ಕೇಳೋ ಹಕ್ಕು ನನಗಿದೆ, ನಿಮ್ಮ ಹಾಳೆಯಲ್ಲೇ ಅಚ್ಚು ಮಾಡಿದ್ರಿ."

ರುಖ್ಸಾನಾ ಒಂದು ಅರ್ಜಿ ಕೊಟ್ಟಳು. "ಬುಧವಾರ ಬನ್ನಿ." ಮತ್ತೆ ದನಿ ತಗ್ಗಿಸಿ, "ಇದನ್ನ ಇಲ್ಲಿಗೇ ಬಿಟ್ಬಿಡಿ ಕ್ಲೈವ್. ಕಾಗದ ನಾನು ವಾಪಸ್ ತಗೋತೀನಿ. ಯಾರೂ ಕೇಳಲ್ಲ," ಎಂದಳು.

ಅವಳು ಹಾಗೆ ಹೇಳದೆ ಇದ್ದಿದ್ದರೆ ಬಿಡುತ್ತಿದ್ದನೋ ಏನೋ. ಮೂವತ್ತೊಂದು ವರ್ಷ ಬಸ್ ಕಂಪನಿಯಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದವನು. ಬಿಟ್ಟುಬಿಡಿ ಎಂದು ಮೆತ್ತಗೆ ಹೇಳುವವರ ಕೈಯಲ್ಲಿ ಟಿಕೆಟ್ ಇರುವುದಿಲ್ಲ ಎಂಬುದು ಅವನ ಅನುಭವ. ಒಮ್ಮೆ ಚರ್ಚಿನ ಪಾದ್ರಿಯನ್ನೇ ಹಿಡಿದು ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದ. ನಿವೃತ್ತನಾಗಿ ಎಂಟು ವರ್ಷವಾದರೂ ಜನರನ್ನು ನೋಡುವ ಅವನ ನೋಟ ನಿವೃತ್ತವಾಗಿರಲಿಲ್ಲ.

ಮನೆಯಲ್ಲಿ ಗ್ಲೆಂಡಾ ಮಾಂಸದ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ಅವನು ಕೋಟು ಬಿಚ್ಚದೆ ಕಾಗದದ ವಿಷಯ ಹೇಳಿದ.

"ಕಂಪ್ಯೂಟರ್ ಎಡವಟ್ಟು ಮಾಡಿರುತ್ತೆ. ಬಿಡು ಅತ್ಲಾಗೆ," ಎಂದಳು ಗ್ಲೆಂಡಾ.

"ಒಂದು ಸಲ ಎಡವಟ್ಟಾದ್ರೆ ಎಡವಟ್ಟು. ಮೂರು ಸಲ ಆದ್ರೆ ಯಾರದೋ ಕೈವಾಡ."

"ಯಾರಿಗೆ ಬೇಕಾಗಿದೆ ನಿನ್ನ ಉಸಾಬರಿ?"

"ಆ ರುಖ್ಸಾನಾಗೆ ಬೇಕಾಗಿರಬಹುದು. ಫೋನ್ ಎತ್ತೋಕೆ ನಲವತ್ತು ನಿಮಿಷ ಮಾಡ್ತಾರೆ ಅಂತ ಸಭೇಲಿ ಹೇಳಿದ್ದೆನಲ್ಲ, ಆವತ್ತಿಂದ ಮುಖ ಊದಿಸ್ಕೊಂಡಿದ್ದಾಳೆ."

ಗ್ಲೆಂಡಾ ಹಿಟ್ಟನ್ನು ತಿರುವಿ ಹಾಕಿ ಮತ್ತೆ ಲಟ್ಟಿಸಿದಳು. ಅದು ತೀರಾ ತೆಳ್ಳಗಾಗಿ ನಡುವೆ ಹರಿಯಿತು. ಯಾವ ಯಾವ ದಿನ ಎಂದು ಅವಳು ಕೇಳಲಿಲ್ಲವಲ್ಲ ಎಂದು ಕ್ಲೈವನಿಗೆ ಹೊಳೆದದ್ದು ಮೆಟ್ಟಿಲು ಹತ್ತುವಾಗ.

ಅವನ ದಿನಚರಿ ಪುಸ್ತಕದಲ್ಲಿ ಆ ಮೂರು ದಿನಕ್ಕೂ ಲೆಕ್ಕವಿತ್ತು. ವಾರಕ್ಕೆ ಎರಡು ಮೂರು ಸಲ ಕ್ಲಿನಿಕ್ಕಿನ ಪರವಾಗಿ, ಕಾರಿಲ್ಲದ ಮುದುಕರನ್ನು ತನ್ನ ಕಾರಿನಲ್ಲಿ ಹನ್ನೆರಡು ಮೈಲಿ ಆಚೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದು ವಾಪಸ್ ಬಿಡುತ್ತಿದ್ದ. ಸಂಬಳದ ಕೆಲಸವಲ್ಲ. ಆದರೆ ಅದಿಲ್ಲದಿದ್ದರೆ ಬೆಳಿಗ್ಗೆ ಶೂ ಪಾಲಿಶ್ ಮಾಡಲು ಅವನಿಗೆ ಕಾರಣವೇ ಇರುತ್ತಿರಲಿಲ್ಲ. ಮಾರ್ಚ್ ನಾಲ್ಕರಂದು ಒಬ್ಬರನ್ನು ಮೊಣಕಾಲಿನ ಡಾಕ್ಟರ ಹತ್ತಿರ ಬಿಟ್ಟಿದ್ದ. ಇಪ್ಪತ್ತೊಂದಕ್ಕೂ ಏಪ್ರಿಲ್ ಹದಿನೈದಕ್ಕೂ ಮಿಸೆಸ್ ಪಿಲ್ಲಿಂಗ್. ಎಂಬತ್ತೇಳರ ಆಕೆಗೆ ಕಣ್ಣೊಳಗೆ ಚುಚ್ಚುಮದ್ದು ಕೊಡುತ್ತಿದ್ದರು. ದೃಷ್ಟಿಯ ನಡುಭಾಗವೇ ಮಸುಕು, ಎದುರಿಗೆ ನಿಂತವರ ಮುಖ ಕಾಣದು. ಆದರೂ ಕಾರಿನಲ್ಲಿ ಕೂತ ಕ್ಷಣದಿಂದ "ಚರ್ಚು ದಾಟಿದ್ವಾ? ಈಗ ಎಡಕ್ಕಲ್ವಾ?" ಎಂದು ಶುರುಮಾಡುತ್ತಿದ್ದಳು. "ಕಣ್ಣು ಕಾಣದ ಮುದುಕಿ ನನಗೆ ದಾರಿ ತೋರಿಸ್ತಾಳೆ ಕಣೇ," ಎಂದು ಕ್ಲೈವ್ ಗ್ಲೆಂಡಾಳಿಗೆ ಹೇಳಿ ನಗುತ್ತಿದ್ದ.

ಮರುದಿನ ಅವನು ಸಿರಿಲ್ ಹಾವರ್ತನ ಮನೆಗೆ ಹೋದ. ಊರಿನಲ್ಲಿ ಇನ್ನೊಬ್ಬ ಹಾವರ್ತ್ ಎಂದರೆ ಇವನೇ. ಸಂಬಂಧಿಕನೇನಲ್ಲ, ಹಿಂದೊಮ್ಮೆ ಇಬ್ಬರ ಮಾತ್ರೆ ಪೊಟ್ಟಣಗಳು ಅದಲುಬದಲಾಗಿದ್ದವು. ಸಿರಿಲ್ ಹಿತ್ತಲಿನ ಪಾರಿವಾಳದ ಗೂಡು ಕೆರೆಯುತ್ತಿದ್ದ.

"ಡಾಕ್ಟರ ಹತ್ರ ನಾನಾ?" ಸಿರಿಲ್ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಆ ಕಡೆ ತಲೆ ಹಾಕಿ ಆರು ವರ್ಷ ಆಯ್ತು. ನನ್ನ ಹೆಂಡ್ತಿ ಅಲ್ಲಿಗೇ ಹೋಗಿ ಹೋಗಿ ಸತ್ತಳು."

"ನಿನ್ನ ಹೆಸರು ಹೇಳಿದ್ದಕ್ಕೆ ಅವರು ನನ್ನ ಹೆಸರು ಬರ್ಕೊಂಡಿರಬಹುದು."

"ಫೋನಲ್ಲಿ ಏನೇನು ಕೇಳ್ತಾರೆ?"

"ಹುಟ್ಟಿದ ತಾರೀಖು ಕೇಳ್ತಾರೆ."

"ನಿನ್ನ ಹುಟ್ಟಿದ ತಾರೀಖು ನನಗೆ ಹೆಂಗಯ್ಯಾ ಗೊತ್ತಿರುತ್ತೆ? ನಾನೇನು ನಿನಗೆ ಕೇಕ್ ತಂದುಕೊಟ್ಟಿದ್ದೀನಾ?" ಸಿರಿಲ್ ಕೆರೆಯುವ ಸಲಾಕೆಯನ್ನು ಒರೆಸಿಕೊಂಡ. "ಬಸ್ಸಿನಲ್ಲಿ ಕಳ್ಳರನ್ನ ಹುಡುಕ್ತಿದ್ದೆ, ಈಗ ಊರಲ್ಲೆಲ್ಲ ಹುಡುಕ್ತಿದ್ದೀಯ. ಯಾರಿಗೆ ಗೊತ್ತಿದೆ ನಿನ್ನ ತಾರೀಖು? ಅವರನ್ನ ಹೋಗಿ ಕೇಳು."

ಕ್ಲೈವ್ ವಾಪಸ್ ಬರುವಾಗ ಬೆರಳು ಮಡಚಿದ. ಸತ್ತುಹೋದ ಅಣ್ಣ. ಪಿಂಚಣಿ ಕಚೇರಿ. ಎರಡು ಬೆರಳು ಮಡಚಿ, ಮೂರನೆಯದನ್ನು ಮಡಚದೆ ಕೈಯನ್ನು ಜೇಬಿಗೆ ಹಾಕಿಕೊಂಡ.

ಬುಧವಾರ ರುಖ್ಸಾನಾ ಮಡಚಿದ ಹಾಳೆಯನ್ನು ಲಕೋಟೆಯಲ್ಲಿಟ್ಟು ಕೊಟ್ಟಳು, ಅವನ ಮುಖ ನೋಡಲಿಲ್ಲ. ಹೊರಗೆ, ಸೈಕಲ್ ನಿಲ್ಲಿಸುವ ಕಂಬಿಗೆ ಒರಗಿ ತೆರೆದ. ಮೂರು ದಿನಾಂಕ, ಮೂರು ಸಮಯ. ಕಾರಣ ಎಂಬ ಕಡೆ ಮೊದಲ ಸಲ: ನೆನಪಿನ ತೊಂದರೆ. ಎರಡನೆಯ ಸಲ: ನೆನಪಿನ ತೊಂದರೆ, ಮನೆಯವರಿಗೆ ಆತಂಕ. ಮೂರನೆಯ ಸಲ: ನೆನಪಿನ ತೊಂದರೆ, ಕಾರು ಓಡಿಸುತ್ತಾರೆ.

ಅವನು ಅದನ್ನು ನಾಲ್ಕು ಸಲ ಓದಿದ. ಮನೆಯವರು ಎಂದರೆ ಆ ಮನೆಯಲ್ಲಿ ಇನ್ನು ಯಾರಿದ್ದಾರೆ?

ಅವತ್ತು ಮಧ್ಯಾಹ್ನವೆಲ್ಲ ಅವನು ಹೆಂಡತಿಯನ್ನು, ಬಸ್ಸಿನ ಮೇಲಂತಸ್ತಿನ ಹಿಂದಿನ ಸೀಟಿನಲ್ಲಿ ಕೂತ ಪ್ರಯಾಣಿಕಳನ್ನು ನೋಡುವ ಹಾಗೆ ನೋಡಿದ. ನೋಡಿದಷ್ಟೂ ಸಿಕ್ಕಿತು. ಕಾರಿನ ಕೀಲಿ ಬಾಗಿಲ ಬಳಿಯ ಮೊಳೆಯಲ್ಲಿರದೆ ಅಡುಗೆಮನೆಯ ಡ್ರಾಯರಿನೊಳಗಿತ್ತು. ಬಚ್ಚಲ ಬೀರುವಿನಲ್ಲಿ ಅವನ ರಕ್ತದೊತ್ತಡದ ಮಾತ್ರೆಗಳು ವಾರದ ಏಳು ದಿನಕ್ಕೆ ಏಳು ಗೂಡುಗಳಿದ್ದ ಪೆಟ್ಟಿಗೆಯಲ್ಲಿದ್ದವು. ಅದು ಯಾವಾಗ ಬಂತು? ಗ್ಲೆಂಡಾ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು, ಅವನು ಒಳಗೆ ಬಂದಾಗ ಬಟಾಟೆಯ ವಿಷಯಕ್ಕೆ ತಿರುಗಿದಳು. ಇಬ್ಬರೂ ಸೇರಿ ತನ್ನನ್ನು ಯಾವುದೋ ವೃದ್ಧಾಶ್ರಮಕ್ಕೆ ಸೇರಿಸುವ ಹುನ್ನಾರ ಮಾಡುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಗ್ಲೆಂಡಾಳ ತಂಗಿ ತನ್ನ ಮಾವನಿಗೆ ಹೀಗೇ ಮಾಡಿದ್ದಳಲ್ಲ. ಮೊದಲು ಕೀಲಿ, ಆಮೇಲೆ ಮಾತ್ರೆಪೆಟ್ಟಿಗೆ, ಆಮೇಲೆ ಒಂದು ಸೋಮವಾರ ಸೂಟ್‌ಕೇಸು.

"ಯಾಕೆ ಹಾಗೆ ನೋಡ್ತಿದ್ದೀಯ?" ಎಂದಳು ಗ್ಲೆಂಡಾ.

"ಏನಿಲ್ಲ."

"ಟೀ ಮಾಡಲಾ?"

"ನನಗೆ ಬೇಕಾದ್ರೆ ನಾನೇ ಮಾಡ್ಕೋತೀನಿ. ಅದಿನ್ನೂ ಮರೆತಿಲ್ಲ."

ಗ್ಲೆಂಡಾಳ ಕೈ ಕೆಟಲಿನ ಮೇಲೆ ನಿಂತಿತು. ಅವನು ಎದ್ದು ಹೊರಗೆ ಹೋಗಿ ಕಾರು ತೊಳೆದ.

ಗುರುವಾರ ಒಂಬತ್ತೂವರೆಗೆ ಮಿಸೆಸ್ ಪಿಲ್ಲಿಂಗ್ ಬಾಗಿಲಲ್ಲಿ ಕಾಯುತ್ತಿದ್ದಳು, ಹಸಿರು ಕೋಟು ತೊಟ್ಟು, ಕೈಚೀಲದಲ್ಲಿ ಪೆಪ್ಪರ್‌ಮಿಂಟಿನ ಪೊಟ್ಟಣ ಇಟ್ಟುಕೊಂಡು. ಅವನು ಸೀಟಿನ ಬೆಲ್ಟ್ ಹಾಕಿಕೊಟ್ಟ.

"ಮಿಸೆಸ್ ಪಿಲ್ಲಿಂಗ್, ಇವತ್ತು ಒಂದು ಉಪಕಾರ ಮಾಡಿ. ದಾರಿ ಹೇಳಬೇಡಿ."

"ನಾನೆಲ್ಲಪ್ಪಾ ದಾರಿ ಹೇಳ್ತೀನಿ?"

"ಹೇಳ್ತಾನೇ ಇರ್ತೀರಿ. ಈಗ ಎಡಕ್ಕಲ್ವಾ, ಚರ್ಚು ಬಂತಾ ಅಂತ. ಇವತ್ತೊಂದು ದಿನ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಮುದುಕಿ ಅವನಿರುವ ಕಡೆ ತಿರುಗಿದಳು. ನೇರ ನೋಡಿದರೆ ಕಾಣದ್ದರಿಂದ ಸ್ವಲ್ಪ ಓರೆಯಾಗಿ, ಹಕ್ಕಿ ನೋಡುವ ಹಾಗೆ ನೋಡಿದಳು. "ಆಯ್ತಪ್ಪಾ," ಎಂದು ಕೈಚೀಲದ ಮೇಲೆ ಎರಡೂ ಕೈ ಮಡಚಿಟ್ಟುಕೊಂಡಳು.

ಚರ್ಚು ದಾಟಿತು. ಮುಚ್ಚಿದ ಗಿರಣಿ ದಾಟಿತು. ರೈಲು ಸೇತುವೆಯ ಕೆಳಗೆ ನುಗ್ಗಿ ಹೊರಬಂದಾಗ ಕ್ಲೈವ್ ಸಿಳ್ಳೆ ಹಾಕಲು ಶುರುಮಾಡಿದ್ದ. ಎಲ್ಲಿದೆ ಮರೆವು? ಪ್ರತಿ ತಿರುವೂ ಅವನ ಕೈಗೆ ತಾನಾಗಿ ಬರುತ್ತಿತ್ತು. ಮನೆಗೆ ಹೋಗಿ ಆ ಹಾಳೆಯನ್ನು ಗ್ಲೆಂಡಾಳ ತಟ್ಟೆಯ ಪಕ್ಕ ಇಡುತ್ತೇನೆ, ಏನು ಹೇಳುತ್ತಾಳೋ ನೋಡೋಣ ಎಂದುಕೊಂಡ.

ಊರಾಚೆಯ ದೊಡ್ಡ ಸರ್ಕಲ್ ಬಂತು. ಐದು ರಸ್ತೆ ಕೂಡುವ ಜಾಗ, ನಡುವೆ ಹುಲ್ಲಿನ ದಿಬ್ಬ. ಮೂವತ್ತೊಂದು ವರ್ಷ ದಿನಕ್ಕೆ ಆರು ಸಲ ಬಸ್ಸಿನಲ್ಲಿ ಅದನ್ನು ಸುತ್ತಿದ್ದಾನೆ. ಒಳಗೆ ನುಗ್ಗಿದ. ಮೊದಲ ರಸ್ತೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ಬಳಿ ಕೈ ಇಂಡಿಕೇಟರಿನ ಕಡೆ ಸರಿದು, ಅಲ್ಲೇ ನಿಂತಿತು. ಫಲಕದಲ್ಲಿ ಊರುಗಳ ಹೆಸರಿದ್ದವು, ಓದಿದ. ಓದಿದರೂ ಆ ಹೆಸರುಗಳು ಯಾವ ದಿಕ್ಕಿಗೂ ಅಂಟಿಕೊಳ್ಳಲಿಲ್ಲ. ಹೋಗಲಿ, ಇನ್ನೊಂದು ಸುತ್ತು ಹಾಕಿದರಾಯಿತು. ಹಾಕಿದ. ಐದೂ ರಸ್ತೆಗಳು ಒಂದೇ ತರಹ ಕಂಡವು, ಒಂದೇ ತರಹದ ಬೇಲಿ, ಒಂದೇ ತರಹದ ದೀಪದ ಕಂಬ. ಹಿಂದೆ ಲಾರಿಯೊಂದು ಹಾರ್ನ್ ಒತ್ತಿ ಹಿಡಿಯಿತು. ಮೂರನೆಯ ಸುತ್ತಿಗೆ ಅವನ ಅಂಗೈ ಬೆವೆತು ಸ್ಟಿಯರಿಂಗ್ ಜಾರತೊಡಗಿತು.

ಪಕ್ಕದಲ್ಲಿ ಮಿಸೆಸ್ ಪಿಲ್ಲಿಂಗ್ ಕೊಟ್ಟ ಮಾತಿನಂತೆ ಸುಮ್ಮನೆ ಕೂತಿದ್ದಳು. ಕೈಚೀಲದ ಹಿಡಿಯನ್ನು ಮಾತ್ರ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದಳು.

"ಹೇಳಿ," ಎಂದ ಕ್ಲೈವ್.

"ಪೆಟ್ರೋಲ್ ಬಂಕಿನ ವಾಸನೆ ಬಂದ ಮೇಲೆ, ಅದರ ಮುಂದಿನದು. ಈಗ ಬರುತ್ತೆ ನೋಡಪ್ಪಾ. ಹ್ಞಾಂ, ಇದೇ."

ಆಸ್ಪತ್ರೆಯ ಆವರಣದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಅವನು ತುಸು ಹೊತ್ತು ಕೀಲಿಯನ್ನು ಹಿಡಿದೇ ಕೂತ.

"ಯಾವಾಗಿಂದ?" ಎಂದು ಕೇಳಿದ.

"ಕ್ರಿಸ್ಮಸ್ ಕಳೆದ ಮೇಲೆ ಇರಬೇಕು. ಒಂದಿನ ಇದೇ ಸರ್ಕಲಿನಲ್ಲಿ ನೀನು ಎರಡು ಸುತ್ತು ಹಾಕಿದೆ. ನನಗೆ ಕಣ್ಣು ಕಾಣಲ್ಲ, ಹೊಟ್ಟೆಗೆ ಗೊತ್ತಾಗುತ್ತೆ ಸುತ್ತಿದ್ದು. ಆವತ್ತಿಂದ ಒಂದೊಂದು ಮಾತು ಹಾಕ್ತಾ ಬಂದೆ."

"ನನಗೆ ಹೇಳ್ಬಹುದಿತ್ತಲ್ಲ?"

ಮಿಸೆಸ್ ಪಿಲ್ಲಿಂಗ್ ಪೆಪ್ಪರ್‌ಮಿಂಟಿಗಾಗಿ ಚೀಲ ತಡಕಿದಳು. ಸಿಗಲಿಲ್ಲ, ಅಥವಾ ಹುಡುಕುವುದನ್ನು ಬಿಟ್ಟಳು. "ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ಆಮೇಲೆ ನನ್ನನ್ನ ಯಾರು ಕರ್ಕೊಂಡು ಬರ್ತಿದ್ರು? ನಾನೂ ನನ್ನ ಸ್ವಾರ್ಥ ನೋಡ್ಕೊಂಡೆ, ಕ್ಲೈವ್. ಸುಳ್ಳು ಯಾಕೆ ಹೇಳ್ಲಿ?" ಚೀಲದ ಬಾಯಿ ಮುಚ್ಚಿ, "ಪ್ರತಿ ಸಲ ಮನೆ ಮುಟ್ಟಿದ ಮೇಲೆ ದೇವರಿಗೆ ಕೈ ಮುಗೀತಿದ್ದೆ," ಎಂದಳು.

ಅವನು ಇಳಿದು, ಸುತ್ತಿ ಬಂದು, ಆಕೆಯ ಬಾಗಿಲು ತೆರೆದ. ಎಂದಿನಂತೆ ತೋಳು ಕೊಟ್ಟ. ಆಕೆಗೆ ಚುಚ್ಚುಮದ್ದು ಆಗುವವರೆಗೆ ಎರಡು ಗಂಟೆ ಕಾದ. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಮಿಸೆಸ್ ಪಿಲ್ಲಿಂಗ್‌ಳನ್ನು ಅವನು ಕಾರಿನ ಕಡೆ ಕರೆದೊಯ್ಯಲಿಲ್ಲ. ಗೇಟಿನಾಚೆಯ ಬಸ್‌ಸ್ಟಾಪಿಗೆ ನಡೆಸಿಕೊಂಡು ಹೋದ. ಬಸ್ಸಿನಲ್ಲಿ ಇಬ್ಬರೂ ಕೆಳಗೆ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಸರ್ಕಲ್ ಬಂದಾಗ ಕ್ಲೈವ್ ಕಣ್ಣು ಮುಚ್ಚಿಕೊಂಡ.

ಅವನು ಮುಂದಿನ ಬಾಗಿಲಿನಿಂದ ಒಳಗೆ ಬಂದಾಗ ಗ್ಲೆಂಡಾ ಕಿಟಕಿಯ ಬಳಿ ನಿಂತಿದ್ದಳು. ಅವಳ ಕಣ್ಣು ಅವನನ್ನು ದಾಟಿ ರಸ್ತೆಯ ಖಾಲಿ ಜಾಗವನ್ನು ನೋಡಿತು.

"ಕಾರೆಲ್ಲಿ? ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ?"

"ಯಾರಿಗೂ ಏನೂ ಆಗಿಲ್ಲ. ಆಸ್ಪತ್ರೆಯಲ್ಲಿ ನಿಲ್ಲಿಸಿ ಬಂದಿದ್ದೀನಿ. ನಿನ್ನ ತಂಗಿ ಗಂಡನಿಗೆ ಹೇಳಿ ತರಿಸು."

ಗ್ಲೆಂಡಾ ಕುರ್ಚಿ ಎಳೆದುಕೊಂಡು ಕೂತಳು. ಏಪ್ರನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಅವನು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಮೂರು ಸಲ ಫೋನ್ ಮಾಡಿದ್ದೀಯ," ಎಂದ.

"ಹ್ಞೂಂ."

"ಒಂದು ಸಲವೂ ನನಗೆ ಹೇಳ್ಲಿಲ್ಲ."

"ಹೇಳ್ಬೇಕು ಅಂತಲೇ ಮಾಡಿದ್ದು. ಮೊದಲನೇ ಸಲ ನೀನು ಶೂ ಪಾಲಿಶ್ ಮಾಡ್ತಾ ಕೂತಿದ್ದೆ, ಅಷ್ಟು ಖುಷಿಯಾಗಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ಎರಡನೇ ಸಲ ಬಾಯಿ ತೆಗೆದೆ, ನೀನು ಏನು ಅಂದೆ. ನಾನು ಬ್ರೆಡ್ ಮುಗಿದಿದೆ ಅಂದುಬಿಟ್ಟೆ."

"ಮೂರನೇ ಸಲ?"

"ಬಾಯೇ ಬರ್ಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ ಬೇಡ ಅಂತ ಹೇಳೋಕೂ ಆಗ್ಲಿಲ್ಲ. ಹೇಳಿದ್ರೆ ಆ ಹುಡುಗಿ ಯಾಕೆ ಅಂತ ಕೇಳ್ತಾಳೆ." ಗ್ಲೆಂಡಾ ಹಾಳೆಯನ್ನು ಅವನ ಕಡೆಗೆ ಸರಿಸಿದಳು. "ನೆನಪಿದೆಯಾ, ಫೆಬ್ರವರಿಯಲ್ಲಿ ನೀನು ಎಲ್ಲಿಂದಲೋ ಫೋನ್ ಮಾಡಿ, ರಸ್ತೆ ಅಗೆದಿದ್ದಾರೆ, ತಡ ಆಗುತ್ತೆ ಅಂದೆ. ಅವತ್ತು ಯಾರೂ ಯಾವ ರಸ್ತೆಯನ್ನೂ ಅಗೆದಿರಲಿಲ್ಲ, ಕ್ಲೈವ್. ನಾನು ವಿಚಾರಿಸಿದೆ."

"ವಿಚಾರಿಸಿದ್ಯಾ?"

"ನಿನ್ನ ಜೊತೆ ನಲವತ್ತಾರು ವರ್ಷ ಇದ್ದು ಅಷ್ಟೂ ಕಲಿಯಲ್ವಾ?"

ಅವನಿಗೆ ನಗು ಬಂದಂತಾಗಿ, ಅರ್ಧಕ್ಕೇ ನಿಂತಿತು. "ನಿನಗೆ ನನ್ನ ಕಂಡ್ರೆ ಅಷ್ಟು ಹೆದರಿಕೆಯೇನೇ?"

"ನಿನ್ನನ್ನ ಕಂಡ್ರಲ್ಲ. ನಿನ್ನೆ ಇಡೀ ಮಧ್ಯಾಹ್ನ ನೋಡಿದೆಯಲ್ಲ ನನ್ನ, ಅದನ್ನ ಕಂಡ್ರೆ." ಅವಳು ಮೂಗು ಒರೆಸಿಕೊಂಡಳು. "ಆ ನೋಟ ನನ್ನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಬೀಳದೇ ಇರ್ಲಿ ಅಂತಲೇ ಇಷ್ಟು ದಿನ ತಳ್ಳಿದೆ."

ಅವನು ಎದ್ದು ಕೆಟಲಿಗೆ ನೀರು ತುಂಬಿಸಿದ. ಎರಡು ಲೋಟ ತೆಗೆದ. ಟೀಪುಡಿಯ ಡಬ್ಬಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಬೀರು ತೆರೆಯುವ ಮೊದಲು ಒಂದು ಗಳಿಗೆ ತಡೆದ. ಡಬ್ಬಿ ಇದ್ದಲ್ಲೇ ಇತ್ತು.

ಮರುದಿನ ಎಂಟು ಗಂಟೆಗೆ ಸರಿಯಾಗಿ ಅವನು ಕ್ಲಿನಿಕ್ಕಿಗೆ ಫೋನ್ ಮಾಡಿದ. ನೀವು ಸಾಲಿನಲ್ಲಿ ಹದಿನಾಲ್ಕನೆಯವರು ಎಂದಿತು ಯಂತ್ರದ ಹೆಣ್ಣುದನಿ. ಇಪ್ಪತ್ತಾರು ನಿಮಿಷವಾದ ಮೇಲೆ ರುಖ್ಸಾನಾ ಬಂದಳು.

"ಹೆಸರು, ಹುಟ್ಟಿದ ತಾರೀಖು ಹೇಳಿ."

ಹೇಳಿದ. ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ಯಾವ ವಿಷಯಕ್ಕೆ ಅಂತ ಕೇಳ್ಬೇಕು, ಕ್ಲೈವ್. ಎಲ್ಲರನ್ನೂ ಕೇಳ್ತೀವಿ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಗ್ಲೆಂಡಾ ತಟ್ಟೆ ಹಿಡಿದು ಆಚೆ ತಿರುಗಿ ನಿಂತಿದ್ದಳು.

"ದಾರಿ," ಎಂದ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಗೊತ್ತಿರೋ ದಾರಿ ಮರೆತುಹೋಗುತ್ತೆ. ಹಾಗಂತ ಬರ್ಕೋ."

"ಮಂಗಳವಾರ ಹತ್ತೂ ಹತ್ತಕ್ಕೆ ಡಾಕ್ಟರ್ ಹೋಲ್ಡನ್ ಇದ್ದಾರೆ."

"ಬರ್ತೀನಿ. ಇನ್ನೊಂದು ವಿಷಯ. ಮುಂದಿನ ತಿಂಗಳ ಹಾಳೆ ಅಚ್ಚಿಗೆ ಹೋಯ್ತಾ?"

"ಇವತ್ತು ಸಂಜೆ ಹೋಗುತ್ತೆ."

"ಅದರಲ್ಲಿ ಹಾಕು. ರೋಗಿಗಳನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಕೆ ಡ್ರೈವರ್ ಬೇಕಾಗಿದ್ದಾರೆ. ಗುರುವಾರಕ್ಕಂತೂ ತುರ್ತಾಗಿ ಬೇಕು. ಮಿಸೆಸ್ ಪಿಲ್ಲಿಂಗಿಗೆ ಮೆಟ್ಟಿಲು ಇಳಿಯುವಾಗ ಎಡಗೈ ಹಿಡ್ಕೋಬೇಕು, ಬಲಗೈ ಅಲ್ಲ. ಅದು ಹಾಳೆಯಲ್ಲಿ ಬೇಡ. ಬಂದವರಿಗೆ ನೀನೇ ಹೇಳು."

"ಹೇಳ್ತೀನಿ," ಎಂದಳು ರುಖ್ಸಾನಾ. ಇನ್ನೇನೋ ಹೇಳಲು ಹೊರಟವಳು, "ಹೇಳ್ತೀನಿ ಕ್ಲೈವ್," ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಮಂಗಳವಾರ ಬೆಳಿಗ್ಗೆ ಸಣ್ಣಗೆ ಗಾಳಿ ಇತ್ತು. ಕ್ಲಿನಿಕ್ಕು ಮನೆಯಿಂದ ಕಾಲು ಗಂಟೆಯ ನಡಿಗೆ. ಗ್ಲೆಂಡಾ ನೀಲಿ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಇಬ್ಬರೂ ಮಾತಿಲ್ಲದೆ ಬೇಕರಿ ದಾಟಿದರು, ಅಂಚೆ ಕಚೇರಿ ದಾಟಿದರು. ಗೋಡೆ ಗಡಿಯಾರದ ಅಂಗಡಿಯ ಬಳಿ ರಸ್ತೆ ಎರಡಾಗುತ್ತದೆ. ಒಂದು ಮಾರುಕಟ್ಟೆಗೆ ಇಳಿಯುತ್ತದೆ, ಇನ್ನೊಂದು ಕ್ಲಿನಿಕ್ಕಿನ ಕಡೆ ಏರುತ್ತದೆ. ಅಲ್ಲಿ ಕ್ಲೈವ್ ಅರ್ಧ ಹೆಜ್ಜೆ ಹಿಂದೆ ನಿಂತ. ಗ್ಲೆಂಡಾ ತಿರುಗಿ ನೋಡಲಿಲ್ಲ, ಕೈಯನ್ನು ಮಾತ್ರ ತುಸು ಹಿಂದಕ್ಕೆ ಚಾಚಿದಳು. ಅವನು ಅದನ್ನು ಹಿಡಿದುಕೊಂಡ. ಅವಳು ಏರಿನ ಕಡೆ ತಿರುಗಿದಳು.